ಬಡ್ಡಿಯ ಇಳಿವು, ಬೆಲೆಯ ಏರು

2020ನೆಯ ಇಸವಿಯ ಮಾರ್ಚ್ 23ನೆಯ ತಾರೀಖು ಮುಂಬಯಿಯ ಷೇರುಪೇಟೆಯ ಸೂಚ್ಯಂಕವು ಒಂದೇ ದಿನದಲ್ಲಿ ನೂರಕ್ಕೆ 13ರಷ್ಟು ಕುಸಿದು 25,981ಕ್ಕೆ ಬಂದು ನಿಂತಿತು. ಅದೇ ವರ್ಷದ ಜನವರಿಯಲ್ಲಿ ಅದು 41,900ರ ಮೇಲಿದ್ದಿತು. ಮುಂದಿನ ತಿಂಗಳುಗಳಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಅಂಗಡಿಗಳು ಮುಚ್ಚಿದವು, ಕಾರ್ಖಾನೆಗಳ ಚಕ್ರಗಳು ನಿಂತವು, ಕೂಲಿಕಾರರು ಕಾಲ್ನಡೆಯಿಂದ ತಮ್ಮ ಊರುಗಳನ್ನು ಸೇರಿದರು, 2020-21ರಲ್ಲಿ ದೇಶದ ಒಟ್ಟು ಉತ್ಪನ್ನವು ನೂರಕ್ಕೆ ಸುಮಾರು 6ರಷ್ಟು ಕುಗ್ಗಿತು. ಹೀಗಿರಲು ಷೇರುಗಳ ಬೆಲೆಯು ಇನ್ನಷ್ಟು ಇಳಿಯಬೇಕೆಂದು ಸಾಮಾನ್ಯ ಬುದ್ಧಿಯು ಹೇಳುತ್ತದೆ. ಆದರೆ ಆದುದೇನು? ಒಂದು ವರ್ಷ ತುಂಬುವುದರೊಳಗೆ, 2021ರ ಫೆಬ್ರವರಿ 3ರಂದು, ಆ ಸೂಚ್ಯಂಕವು 50,000ವನ್ನು ಮೀರಿ ದಿನದ ವ್ಯವಹಾರವನ್ನು ಮುಗಿಸಿತು. ದುಡಿಮೆ ಕುಗ್ಗಿದ ವರ್ಷದಲ್ಲಿ ದುಡಿಮೆಯ ಹಕ್ಕುಪತ್ರದ ಬೆಲೆಯು ಇಮ್ಮಡಿಯಾದುದು ಹೇಗೆ?

ಇದು ಪೇಟೆಯವರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯೆಂದು ಗೃಹಸ್ಥನು ಪುಟವನ್ನು ತಿರುವಿಹಾಕತಕ್ಕದ್ದಲ್ಲ. ಏಕೆಂದರೆ ಷೇರುಗಳ ಬೆಲೆಯನ್ನು ಏರಿಸಿದ ಕಾರಣವೇ ಅವನ ಠೇವಣಿಯ ಬಡ್ಡಿಯನ್ನು ಇಳಿಸಿತು; ಮಗನ ಮನೆಸಾಲದ ಕಂತನ್ನು ಹಗುರಮಾಡಿತು; ಅನೇಕ ವೃದ್ಧರನ್ನು ತಮಗೆ ಪರಿಚಯವಿಲ್ಲದ ದಾರಿಗೆ ನೂಕಿತು. ಒಂದೇ ಸುದ್ದಿಗೆ ಒಂದೇ ಮನೆಯಲ್ಲಿ ತಂದೆಯು ನಿಟ್ಟುಸಿರುಬಿಟ್ಟನು, ಮಗನು ಸಂತೋಷಪಟ್ಟನು. ಆ ಕಾರಣವನ್ನು ಅರಿತುಕೊಳ್ಳುವುದು ಮನೆಯ ಲೆಕ್ಕಕ್ಕೇ ಸೇರಿದ ಕೆಲಸ.

ಮೂಲದಿಂದ ಆರಂಭಿಸೋಣ. 1935ರ ಏಪ್ರಿಲ್ 1ರಂದು ಕಾರ್ಯಾರಂಭಮಾಡಿದ ನಮ್ಮ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಬ್ಯಾಂಕು. ಇತರ ಬ್ಯಾಂಕುಗಳು ಸರ್ಕಾರದ ಸಾಲಪತ್ರಗಳನ್ನು ಒತ್ತೆಯಿಟ್ಟು ಅದರಿಂದ ಅಲ್ಪಕಾಲಕ್ಕೆ ಹಣವನ್ನು ಪಡೆಯುವಾಗ ತೆರುವ ಬಡ್ಡಿಗೆ ರೆಪೋ ದರವೆಂದು ಹೆಸರು. 2016ರಿಂದ ಈ ದರವನ್ನು ಆರು ಮಂದಿಯ ಸಮಿತಿಯೊಂದು ಗೊತ್ತುಮಾಡುತ್ತದೆ. ಸರಕುಗಳ ಬೆಲೆಯೇರಿಕೆಯನ್ನು ವರ್ಷಕ್ಕೆ ನೂರಕ್ಕೆ 4ರ ಆಸುಪಾಸಿನಲ್ಲಿ, 2ಕ್ಕಿಂತ ಕೆಳಗಾಗದಂತೆಯೂ 6ಕ್ಕಿಂತ ಮೇಲಾಗದಂತೆಯೂ, ಹಿಡಿದಿಡುವುದು ಅದರ ಕರ್ತವ್ಯ. 2020ರ ಮಾರ್ಚ್ 27ರಂದು ಈ ಸಮಿತಿಯು ರೆಪೋ ದರವನ್ನು 5.15ರಿಂದ 4.40ಕ್ಕೂ, ಮೇ 22ರಂದು 4.00ಕ್ಕೂ ಇಳಿಸಿತು. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಕೊಡುವ ಹೊಸ ಮನೆಸಾಲಗಳ ಬದಲಾಗುವ ಬಡ್ಡಿಯು ಇಂತಹ ಹೊರಗಿನ ದರವೊಂದಕ್ಕೆ ಗಂಟುಹಾಕಲ್ಪಟ್ಟಿದ್ದುದರಿಂದ, ಇಳಿಕೆಯು ಸಾಲಗಾರನಿಗೆ ಬೇಗನೆ ಮುಟ್ಟಿತು. ಠೇವಣಿದಾರನಿಗೂ ಮುಟ್ಟಿತು, ಬೇರೆ ರೀತಿಯಲ್ಲಿ.

ಬಡ್ಡಿ ಇಳಿದರೆ ಆಸ್ತಿಯ ಬೆಲೆ ಏರುವುದಕ್ಕೆ ಮೊದಲನೆಯ ಕಾರಣವು ಬರಿಯ ಗಣಿತ. ವರ್ಷಕ್ಕೆ ಖರ್ಚು ಕಳೆದು 12,000 ರೂಪಾಯಿ ಗುತ್ತಿಗೆ ತರುವ ಒಂದು ತುಂಡು ಜಮೀನಿದೆಯೆನ್ನೋಣ. ಬ್ಯಾಂಕಿನಲ್ಲಿ ನೂರಕ್ಕೆ 8 ಬಡ್ಡಿ ದೊರೆಯುವಾಗ ಅಷ್ಟೇ ವರಮಾನವನ್ನು ಪಡೆಯಲು ಒಂದೂವರೆ ಲಕ್ಷವನ್ನು ಇಟ್ಟರೆ ಸಾಕು. ಆದುದರಿಂದ ಆ ಜಮೀನಿಗೆ ಅದಕ್ಕಿಂತ ಹೆಚ್ಚು ಕೊಡಲು ಯಾರೂ ಮುಂದಾಗರು. ಬಡ್ಡಿಯು 6ಕ್ಕೆ ಇಳಿಯಿತು; ಈಗ ಅದೇ ವರಮಾನಕ್ಕೆ ಎರಡು ಲಕ್ಷ ಬೇಕು. 5ಕ್ಕೆ ಇಳಿದರೆ ಎರಡು ಲಕ್ಷದ ನಲವತ್ತು ಸಾವಿರ ಬೇಕು. ಜಮೀನು ಒಂದು ಸೇರು ರಾಗಿಯನ್ನೂ ಹೆಚ್ಚಾಗಿ ಬೆಳೆಯಲಿಲ್ಲ. ಆದರೂ ಅದರ ಬೆಲೆ ಏರಿತು. ಷೇರು, ಮನೆ, ಸಾಲಪತ್ರ, ಇವೆಲ್ಲವೂ ಮುಂದೆ ಬರುವ ವರಮಾನದ ಹಕ್ಕುಗಳೇ ಆದುದರಿಂದ ಈ ಗಣಿತವು ಎಲ್ಲಕ್ಕೂ ಸಲ್ಲುತ್ತದೆ.

ಈ ಲೆಕ್ಕವು ಸರಿಯೇ. ಆದರೆ ಇದೊಂದೇ ಸಾಲದು. ಕೊಳ್ಳುವವರೆಲ್ಲರೂ ಒಂದೇ ಅಚ್ಚಿನಲ್ಲಿ ಎರೆದ ಗೊಂಬೆಗಳೆಂದು ಇದು ಭಾವಿಸಿಕೊಂಡಿದೆ. ಪೇಟೆಯಲ್ಲಿ ಹಾಗಿಲ್ಲ. ಒಬ್ಬನು ಕೊಂಡನೆಂದರೆ ಇನ್ನೊಬ್ಬನು ಅದೇ ಗಳಿಗೆಯಲ್ಲಿ ಅದೇ ಬೆಲೆಗೆ ಮಾರಿದನೆಂದೇ ಅರ್ಥ. ಒಬ್ಬನಿಗೆ ಅಗ್ಗವೆಂದು ತೋರಿದುದು ಮತ್ತೊಬ್ಬನಿಗೆ ಸಾಕೆಂದು ತೋರಿದ್ದರಿಂದಲೇ ವ್ಯಾಪಾರವು ಕುದುರಿತು. ಎಲ್ಲರ ಮನಸ್ಸೂ ಒಂದೇ ಆಗಿದ್ದರೆ ಪೇಟೆಯಲ್ಲಿ ಬೆಲೆಯಿರುತ್ತಿತ್ತೇ ಹೊರತು ಕ್ರಯವಿಕ್ರಯವಿರುತ್ತಿರಲಿಲ್ಲ.

ಈ ಭೇದವು ನಮ್ಮ ಪೂರ್ವಿಕರಿಗೆ ಗೊತ್ತಿಲ್ಲದುದೇನೂ ಅಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವು ಧರ್ಮಸಮ್ಮತವಾದ ಬಡ್ಡಿಯೆಂದೂ, ವ್ಯಾಪಾರದ ಸಾಲಕ್ಕೆ ಐದು, ಅಡವಿಯ ದಾರಿಯಲ್ಲಿ ಹೋಗುವವರಿಗೆ ಹತ್ತು, ಸಮುದ್ರದಲ್ಲಿ ಹೋಗುವವರಿಗೆ ಇಪ್ಪತ್ತು ಪಣಗಳೆಂದೂ ವಿಧಿಸಿದ್ದಾನೆ. ಸಾಲಕೊಡುವವನ ಹಣಕ್ಕೆ ಅಡವಿಯಲ್ಲಿ ಕಳ್ಳರ ಭಯ, ಕಡಲಿನಲ್ಲಿ ಬಿರುಗಾಳಿಯ ಭಯ. ಒಂದೂಕಾಲು ಪಣವು ಹಣದ ಕೂಲಿ. ಅದರ ಮೇಲಿನದೆಲ್ಲ ಅಂಜಿಕೆಯ ಕೂಲಿ. ಇಂದಿನ ಪೇಟೆಯಲ್ಲಿಯೂ ಅಷ್ಟೇ. ರಿಸರ್ವ್ ಬ್ಯಾಂಕು ಬದಲಾಯಿಸುವುದು ಹಣದ ಕೂಲಿಯನ್ನು; ಅಂಜಿಕೆಯ ಕೂಲಿಯನ್ನು ಗೊತ್ತುಮಾಡುವವರು ಆಸ್ತಿಯನ್ನು ಹಿಡಿದಿರುವ ಮನುಷ್ಯರು. ಆ ಕೂಲಿಯು ಮನುಷ್ಯನಿಂದ ಮನುಷ್ಯನಿಗೆ ಬೇರೆ.

ವೇದಾಂತಿಗಳು ಅಧಿಕಾರಿಭೇದವೆಂದು ಹೇಳುವುದುಂಟು. ಉಪದೇಶವು ಒಂದೇ ಆದರೂ ಅದನ್ನು ಪಡೆಯುವ ಶಿಷ್ಯನ ಯೋಗ್ಯತೆಗೆ ತಕ್ಕಂತೆ ಫಲವು ಬೇರೆಯಾಗುತ್ತದೆ. ಹೂಡಿಕೆಯಲ್ಲಿಯೂ ಅಧಿಕಾರಿಭೇದವಿದೆ. ಬಡ್ಡಿಯಿಂದಲೇ ಅಕ್ಕಿಬೇಳೆ ತರಬೇಕಾದ ನಿವೃತ್ತನು ಒಂದು ಬಗೆ. ಇಪ್ಪತ್ತು ವರ್ಷಗಳ ಅನಂತರ ಕೊಡಬೇಕಾದ ಹಣಕ್ಕೆ ಇಂದು ದೀರ್ಘಕಾಲದ ಸಾಲಪತ್ರವನ್ನು ಕೊಂಡು ಪೆಟ್ಟಿಗೆಯಲ್ಲಿಡುವ ವಿಮಾ ಸಂಸ್ಥೆಯು ಇನ್ನೊಂದು ಬಗೆ. ತನ್ನ ದೇಶದ ಬಡ್ಡಿಯನ್ನೂ ನಮ್ಮ ದೇಶದ ಲಾಭವನ್ನೂ ರೂಪಾಯಿಯ ಬೆಲೆಯನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಿರುವ ವಿದೇಶೀ ಹೂಡಿಕೆದಾರನು ಮೂರನೆಯವನು. ಸಂಬಳದಿಂದ ತಿಂಗಳು ತಿಂಗಳೂ ಒಂದಿಷ್ಟನ್ನು ಪರಸ್ಪರ ನಿಧಿಗೆ ಕಟ್ಟುವ ಯುವಕನು ನಾಲ್ಕನೆಯವನು. ಸಾಲತಂದು ಷೇರು ಕೊಳ್ಳುವ ಸಾಹಸಿಯು ಐದನೆಯವನು. ದರವೊಂದು ಇಳಿದಾಗ ಈ ಐವರೂ ಒಂದೇ ಕಡೆಗೆ ನಡೆಯುವುದಿಲ್ಲ.

ಬಡ್ಡಿಯ ಇಳಿತವು ಆಸ್ತಿಯನ್ನು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಸಾಗಿಸುವ ರೀತಿಯನ್ನು ಒಂದು ಚಿಕ್ಕ ಲೆಕ್ಕದಿಂದ ತೋರಿಸಬಹುದು. ಇಬ್ಬರನ್ನು ತೆಗೆದುಕೊಳ್ಳೋಣ, ಒಬ್ಬನು ಧೀರ, ಇನ್ನೊಬ್ಬನು ಭೀರು. ಇಲ್ಲಿ ಧೀರನೆಂಬುದು ಹೊಗಳಿಕೆಯಲ್ಲ, ಭೀರುವೆಂಬುದು ತೆಗಳಿಕೆಯೂ ಅಲ್ಲ. ಧೀರನು ತನ್ನ ಐದು ಲಕ್ಷಕ್ಕೆ ಐದು ಲಕ್ಷ ಸಾಲವನ್ನು ಸೇರಿಸಿ ಹತ್ತು ಲಕ್ಷದ ಷೇರುಗಳನ್ನು ಹಿಡಿದಿದ್ದಾನೆ. ಭೀರುವು ತನ್ನ ಹತ್ತು ಲಕ್ಷದಲ್ಲಿ ಒಂಬತ್ತನ್ನು ಠೇವಣಿಯಲ್ಲಿಟ್ಟು ಒಂದನ್ನು ಮಾತ್ರ ಷೇರುಗಳಲ್ಲಿ ತೊಡಗಿಸಿದ್ದಾನೆ. ಬಡ್ಡಿ ಇಳಿದು ಷೇರುಗಳು ನೂರಕ್ಕೆ 10ರಷ್ಟು ಏರಿದುವು. ಧೀರನ ಷೇರುಗಳು ಹನ್ನೊಂದು ಲಕ್ಷವಾದುವು. ಸಾಲ ಐದೇ ಲಕ್ಷ. ಅವನ ಸ್ವಂತದ ಗಂಟು ಐದರಿಂದ ಆರಕ್ಕೆ, ಎಂದರೆ ನೂರಕ್ಕೆ 20ರಷ್ಟು, ಬೆಳೆಯಿತು. ಭೀರುವಿನ ಗಂಟು ಹತ್ತು ಲಕ್ಷದಿಂದ ಹತ್ತು ಲಕ್ಷದ ಹತ್ತು ಸಾವಿರವಾಯಿತು, ಎಂದರೆ ನೂರಕ್ಕೆ 1ರಷ್ಟು. ಅದರ ಮೇಲೆ ಭೀರುವಿನ ಠೇವಣಿಯ ಬಡ್ಡಿ ಕಡಿಮೆಯಾಯಿತು, ಧೀರನ ಸಾಲದ ಹೊರೆಯೂ ಕಡಿಮೆಯಾಯಿತು. ಊರಿನ ಐಶ್ವರ್ಯದಲ್ಲಿ ಧೀರನ ಪಾಲು ದೊಡ್ಡದಾಯಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಈಗ ಆರು ಲಕ್ಷದ ಒಡೆಯನಾದ ಧೀರನು ಮೊದಲಿನ ಅಳತೆಯಲ್ಲಿಯೇ ಆರು ಲಕ್ಷದ ಸಾಲವನ್ನು ಎತ್ತಿ ಇನ್ನೂ ಒಂದು ಲಕ್ಷದ ಷೇರುಗಳನ್ನು ಕೊಳ್ಳಬಲ್ಲನು. ಮಾರುವವನು ಭೀರು. ಹೀಗೆ ಹೆಚ್ಚು ಅಂಜಿಕೆಯ ಕೂಲಿಯನ್ನು ಕೇಳುವವನ ಕೈಯಿಂದ ಕಡಿಮೆ ಕೇಳುವವನ ಕೈಗೆ ಆಸ್ತಿಯು ಸಾಗುತ್ತದೆ. ಹಿಡಿದವನು ಕೇಳುವ ಕೂಲಿ ಕಡಿಮೆಯಾದಷ್ಟೂ ಅವನು ಕೊಡಲೊಪ್ಪುವ ಬೆಲೆ ಹೆಚ್ಚು. ಜಮೀನಿನ ಗಣಿತವು ಎಷ್ಟು ಏರಬಹುದೆಂದು ಹೇಳಿತೋ ಅದನ್ನು ಮೀರಿ ಪೇಟೆಯು ಏರುವುದು ಇದರಿಂದಲೇ.

ಇನ್ನು ಇಳಿತವನ್ನು ನೋಡಿ. ಹನ್ನೆರಡು ಲಕ್ಷದ ಷೇರುಗಳು ನೂರಕ್ಕೆ 10ರಷ್ಟು ಬಿದ್ದು ಹತ್ತು ಲಕ್ಷದ ಎಂಬತ್ತು ಸಾವಿರವಾದರೆ, ಆರು ಲಕ್ಷದ ಸಾಲವು ಹಾಗೆಯೇ ನಿಂತು ಧೀರನ ಸ್ವಂತವು ನಾಲ್ಕು ಲಕ್ಷದ ಎಂಬತ್ತು ಸಾವಿರಕ್ಕೆ ಇಳಿಯುತ್ತದೆ. ಸಾಲಕೊಟ್ಟವನು ಹಿಂದಿನ ಅಳತೆಗೇ ಬಾ ಎಂದು ಹಿಡಿದರೆ ಅವನು ಒಂದು ಲಕ್ಷದ ಇಪ್ಪತ್ತು ಸಾವಿರದ ಷೇರುಗಳನ್ನು ಬಿದ್ದ ಬೆಲೆಗೇ ಮಾರತಕ್ಕದ್ದು. ಆ ಮಾರಾಟವು ಬೆಲೆಯನ್ನು ಇನ್ನೂ ಕೆಳಗೆ ತಳ್ಳುತ್ತದೆ. ಏರಿಸಿದ ಕೈಯೇ ಇಳಿಸುವ ಕೈಯೂ ಆಗುವುದು ಹೀಗೆ.

ಈಗ 2020-21ಕ್ಕೆ ಹಿಂದಿರುಗೋಣ. ಏರಿಕೆಗೆ ಕಂಪನಿಗಳ ಮುಂದಿನ ಲಾಭದ ಆಸೆಯೇ ಮೊದಲಾದ ಬೇರೆ ಕಾರಣಗಳೂ ಇದ್ದುವು. ಆದರೆ ಕೈಬದಲಾವಣೆಯು ಕಣ್ಣಿಗೆ ಕಾಣುವಂತಿದ್ದಿತು. ಅಮೆರಿಕದ ಕೇಂದ್ರ ಬ್ಯಾಂಕು 2020ರ ಮಾರ್ಚ್ 15ರಂದು ತನ್ನ ದರವನ್ನು ಸೊನ್ನೆಯ ಬಳಿಗೆ ಇಳಿಸಿತು. ಅಲ್ಲಿ ಕೂಲಿ ದೊರೆಯದ ಹಣವು ಲೋಕವನ್ನೆಲ್ಲ ಸುತ್ತಿತು. 2020-21ರ ಆರ್ಥಿಕ ವರ್ಷದಲ್ಲಿ ವಿದೇಶೀ ಹೂಡಿಕೆದಾರರು ನಮ್ಮ ಷೇರುಗಳಲ್ಲಿ ತೊಡಗಿಸಿದ ನಿವ್ವಳ ಹಣವು ಸುಮಾರು 2 ಲಕ್ಷದ 74 ಸಾವಿರ ಕೋಟಿ ರೂಪಾಯಿ. ಇದೇ ಕಾಲದಲ್ಲಿ ನಮ್ಮವರೇ ಆದ ಹೊಸಬರೂ ಬಂದರು. ಷೇರುಗಳನ್ನಿಡಲು ಬೇಕಾದ ಡಿಮ್ಯಾಟ್ ಖಾತೆಗಳು 2020ರ ಮಾರ್ಚಿನಲ್ಲಿ ಸುಮಾರು 4 ಕೋಟಿಯಿದ್ದುವು. ಎರಡು ವರ್ಷಗಳಲ್ಲಿ ಸುಮಾರು 9 ಕೋಟಿಯಾದುವು.

ಈ ಹೊಸಬರೆಲ್ಲರೂ ಧೀರರೆ? ಈ ಪ್ರಶ್ನೆಯೇ ಗೃಹಸ್ಥನಿಗೆ ಮುಖ್ಯವಾದುದು. ಆಗ ದೊಡ್ಡ ಬ್ಯಾಂಕುಗಳಲ್ಲಿ ಒಂದು ವರ್ಷದ ಠೇವಣಿಗೆ ನೂರಕ್ಕೆ ಸುಮಾರು 5 ಬಡ್ಡಿ; 2020-21ರಲ್ಲಿ ಬಳಕೆಯ ಸರಕುಗಳ ಬೆಲೆಯೇರಿಕೆ ಸರಾಸರಿ 6.2. ಒಂದು ಲಕ್ಷವನ್ನಿಟ್ಟವನು ವರ್ಷದ ಕೊನೆಗೆ 1,05,000ವನ್ನು ಎಣಿಸಿಕೊಂಡನು. ಆದರೆ ಒಂದು ಲಕ್ಷಕ್ಕೆ ಬರುತ್ತಿದ್ದ ಸಾಮಾನಿಗೆ ಈಗ 1,06,200 ಬೇಕಾಗಿತ್ತು. ಆದಾಯತೆರಿಗೆಯ ಮಾತು ಬೇರೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ಸೋಮಾರಿಗೆ ಹೇಳುತ್ತಿದ್ದೆವು. ಆ ವರ್ಷ ಅದು ಜೀವಮಾನವೆಲ್ಲ ದುಡಿದು ಕುಳಿತವನಿಗೂ ಅನ್ವಯಿಸಿತು. ಹತ್ತು ಲಕ್ಷದ ಠೇವಣಿಯಿಂದ ನೂರಕ್ಕೆ 8ರ ಕಾಲದಲ್ಲಿ ತಿಂಗಳಿಗೆ 6,666 ರೂಪಾಯಿ ಬರುತ್ತಿದ್ದುದು 5ರ ಕಾಲದಲ್ಲಿ 4,166ಕ್ಕೆ ಇಳಿಯುತ್ತದೆ. ಔಷಧಿಯ ಅಂಗಡಿಯವನು ಅದಕ್ಕೆ ತಕ್ಕಂತೆ ಬೆಲೆಯನ್ನು ಇಳಿಸುವುದಿಲ್ಲ.

ಇಂತಹ ಸ್ಥಿತಿಯಲ್ಲಿ ಭೀರುವು ಧೀರನ ವೇಷವನ್ನು ಹಾಕಿಕೊಳ್ಳುತ್ತಾನೆ. ನೆರೆಮನೆಯವನ ಲಾಭದ ಸುದ್ದಿ ಕಿವಿಗೆ ಬೀಳುತ್ತದೆ. ಠೇವಣಿಯನ್ನು ಒಡೆದು ಷೇರುಗಳನ್ನು ಕೊಳ್ಳುತ್ತಾನೆ. ಬಡ್ಡಿಯ ದರ ಬದಲಾದರೆ ಮನುಷ್ಯನ ಕೈಯಲ್ಲಿರುವ ವಸ್ತುವು ಬದಲಾಗಬಹುದು. ಅವನ ಸ್ವಭಾವವಾಗಲಿ, ಅವನ ಖರ್ಚಿನ ದಿನಾಂಕವಾಗಲಿ ಬದಲಾಗುವುದಿಲ್ಲ. ಪೇಟೆಯು ಏರುತ್ತಿರುವಷ್ಟು ಕಾಲ ವೇಷವೂ ಮುಖವೂ ಒಂದೇ ಎಂದು ಕಾಣುತ್ತವೆ.

ಗಾಳಿಯು ತಿರುಗಿದುದು 2022ರಲ್ಲಿ. ಸರಕುಗಳ ಬೆಲೆಯೇರಿಕೆಯು ಆ ಏಪ್ರಿಲಿನಲ್ಲಿ 7.79ಕ್ಕೆ ಮುಟ್ಟಿತು. ಮೇ 4ರಂದು ಸಮಿತಿಯು ನಿಯತಕಾಲವನ್ನು ಕಾಯದೆ ಸಭೆ ಸೇರಿ ರೆಪೋ ದರವನ್ನು 4.40ಕ್ಕೆ ಏರಿಸಿತು, 2023ರ ಫೆಬ್ರವರಿಯ ಹೊತ್ತಿಗೆ ಅದು 6.50 ಆಯಿತು. ಅಮೆರಿಕದಲ್ಲಿಯೂ 2022ರ ಮಾರ್ಚಿನಿಂದ ಏರಿಕೆ ಆರಂಭವಾಯಿತು. ತಕ್ಕಡಿಯನ್ನು ಹಿಡಿದ ವಿದೇಶೀ ಹೂಡಿಕೆದಾರರು ಇದನ್ನು ಮೊದಲೇ ನಿರೀಕ್ಷಿಸಿ ಹೊರಟಿದ್ದರು. 2021-22ರಲ್ಲಿ ಅವರು ಮಾರಿಹೋದ ಷೇರುಗಳ ನಿವ್ವಳ ಮೊತ್ತ ಸುಮಾರು 1 ಲಕ್ಷದ 40 ಸಾವಿರ ಕೋಟಿ, ಅದರ ಮೇಲೆಯೂ ಮಾರಾಟ ನಡೆಯಿತು. 2021ರ ಅಕ್ಟೋಬರಿನಲ್ಲಿ 61,765ಕ್ಕೆ ಏರಿದ್ದ ಸೂಚ್ಯಂಕವು 2022ರ ಜೂನ್ 17ರಂದು 51,360ಕ್ಕೆ ಇಳಿಯಿತು; ಎಂದರೆ ಸುಮಾರು ಆರನೆಯ ಒಂದು ಪಾಲು. ಅದೇ ವರ್ಷದ ನವೆಂಬರಿನ ಕೊನೆಯಲ್ಲಿ ಅದು 63,000ವನ್ನು ದಾಟಿತು.

ಇದನ್ನು 2008ರೊಡನೆ ಹೋಲಿಸಿ. ಆ ವರ್ಷ ವಿದೇಶೀಯರು ಮಾರಿದುದು ಸುಮಾರು 53 ಸಾವಿರ ಕೋಟಿ. ಆದರೆ ಜನವರಿಯಲ್ಲಿ 20,000ದ ಮೇಲಿದ್ದ ಸೂಚ್ಯಂಕವು ಅಕ್ಟೋಬರ್ 27ರಂದು 8,509ಕ್ಕೆ ಬಿದ್ದಿತು. ಈ ನಡುವೆ ಪೇಟೆಯ ಗಾತ್ರವು ಬೆಳೆದಿತ್ತು, 2008ರಲ್ಲಿ ಲೋಕದ ದೊಡ್ಡ ಬ್ಯಾಂಕುಗಳೇ ಅಲುಗಾಡುತ್ತಿದ್ದುವು, ಆದುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದೆಂಬುದು ನಿಜ. ಆದರೂ ಒಂದು ಭೇದವು ಸ್ಪಷ್ಟ. 2021ರ ಸೆಪ್ಟೆಂಬರಿನ ಹೊತ್ತಿಗೆ ಪರಸ್ಪರ ನಿಧಿಗಳಿಗೆ ಗೃಹಸ್ಥರು ಕಂತಿನ ಮೂಲಕ ಕಟ್ಟುತ್ತಿದ್ದ ಹಣವು ತಿಂಗಳಿಗೆ 10,000 ಕೋಟಿಯನ್ನು ಮೀರಿತ್ತು. ಒಂದು ಕೈ ಬಿಟ್ಟುದನ್ನು ಇನ್ನೊಂದು ಕೈ ಹಿಡಿಯಿತು. ಆ ಕೈಗೆ ನಾಳೆಯೇ ಮಾರಬೇಕಾದ ಅವಸರವಿರಲಿಲ್ಲ. ದರ ಏರಿತು, ಬೆಲೆ ಇಳಿಯಿತು. ಆದರೆ ಎಷ್ಟು ಇಳಿಯಿತೆಂಬುದನ್ನು ಹಿಡಿದವರ ಸ್ವಭಾವವು ಗೊತ್ತುಮಾಡಿತು.

ಅವಸರವೆಂಬುದು ಎಷ್ಟು ದೊಡ್ಡ ವಿಷಯವೆಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಸಾಕು. ಸರ್ಕಾರದ ಸಾಲಪತ್ರಕ್ಕಿಂತ ಭದ್ರವಾದುದಿಲ್ಲವೆಂದು ನಾವು ಹೇಳುತ್ತೇವೆ. ಆದರೆ ಹತ್ತು ವರ್ಷಗಳ ಕಾಲ ನೂರಕ್ಕೆ 6 ಕೊಡುವ ಒಂದು ಲಕ್ಷದ ಪತ್ರವನ್ನು, ಪೇಟೆಯ ಬಡ್ಡಿ 7 ಆದಾಗ ಮಾರಹೊರಟರೆ ಸುಮಾರು 93,000 ಮಾತ್ರ ಸಿಕ್ಕೀತು. ಹತ್ತು ವರ್ಷ ಕಾಯಬಲ್ಲವನಿಗೆ ಅಸಲು ಪೂರ್ತಿಯಾಗಿ ಬರುತ್ತದೆ. ಕ್ಯಾಲಿಫೋರ್ನಿಯದ ಸಿಲಿಕಾನ್ ವ್ಯಾಲಿ ಬ್ಯಾಂಕು ಇಂತಹ ದೀರ್ಘಕಾಲದ ಪತ್ರಗಳನ್ನು ಬಡ್ಡಿ ಕಡಿಮೆಯಿದ್ದಾಗ ರಾಶಿರಾಶಿಯಾಗಿ ಕೊಂಡಿತ್ತು. ದರ ಏರಿತು, ಪತ್ರಗಳ ಬೆಲೆ ಇಳಿಯಿತು. 2023ರ ಮಾರ್ಚ್ 8ರಂದು ಅದು ಪತ್ರಗಳನ್ನು ಮಾರಿ 180 ಕೋಟಿ ಡಾಲರು ನಷ್ಟಪಟ್ಟಿತೆಂದು ಪ್ರಕಟವಾಯಿತು. ಮರುದಿನ ಒಂದೇ ದಿನದಲ್ಲಿ ಠೇವಣಿದಾರರು 4,200 ಕೋಟಿ ಡಾಲರನ್ನು ಹಿಂದಕ್ಕೆ ಕೇಳಿದರು. 10ರಂದು ಬ್ಯಾಂಕು ಮುಚ್ಚಲ್ಪಟ್ಟಿತು. ಪತ್ರವು ಒಳ್ಳೆಯದೇ ಆಗಿತ್ತು. ಅದನ್ನು ಹಿಡಿದವನಿಗೆ ಕಾಯುವ ಅಧಿಕಾರವಿರಲಿಲ್ಲ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ರಿಸರ್ವ್ ಬ್ಯಾಂಕಿನ ದರವು ಮುಂದೆ ಏರುವುದೋ ಇಳಿಯುವುದೋ ಎಂದು ಜ್ಯೋತಿಷ್ಯ ಕೇಳುವುದಲ್ಲ. 2025ರಲ್ಲಿ ಮತ್ತೆ ಇಳಿಕೆ ಬಂದಿತು, ಫೆಬ್ರವರಿಯಲ್ಲಿ 6.25, ಜೂನಿನಲ್ಲಿ 5.50, ಡಿಸೆಂಬರಿನಲ್ಲಿ 5.25. ಇಳಿಕೆ ಬಂದಾಗಲೆಲ್ಲ ಅದೇ ಪ್ರಲೋಭನೆಯೂ ಬರುತ್ತದೆ. ಅಂತಹ ಸಮಯದಲ್ಲಿ ಹೂಡಿಕೆಗೆ ಕೈಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಈ ಹಣವು ಯಾವ ದಿನಕ್ಕೆ ಬೇಕು? ಐದು ವರ್ಷಗಳೊಳಗೆ ಮಗಳ ಮದುವೆಗೋ ಮನೆಯ ದುರಸ್ತಿಗೋ ಬೇಕಾದುದಾದರೆ ಅದು ಷೇರುಗಳ ಹಣವಲ್ಲ. ಈ ಹಣವು ಯಾರದು? ಸಾಲದ್ದಾದರೆ ಮಾರುವ ದಿನವನ್ನು ಗೊತ್ತುಮಾಡುವವನು ಸಾಲಕೊಟ್ಟವನೇ ಹೊರತು ನಾವಲ್ಲ. ಬೆಲೆಯು ಅರ್ಧಕ್ಕೆ ಇಳಿದರೆ ಮನೆಯ ಒಲೆ ಉರಿಯುವುದೆ? ಉರಿಯುವುದಾದರೆ ಕಾಯಬಹುದು; ಇಲ್ಲವಾದರೆ ಎಷ್ಟು ಒಳ್ಳೆಯ ಕಂಪನಿಯ ಷೇರೂ ಅವನಿಗೆ ಕೆಟ್ಟದೇ.

ಬಡ್ಡಿಯಿಂದಲೇ ಬದುಕಬೇಕಾದ ವೃದ್ಧರಿಗೆ ಒಂದು ಮಾತು. ಬ್ಯಾಂಕಿನ ಠೇವಣಿ ಮತ್ತು ಷೇರುಪೇಟೆ, ಇವೆರಡೇ ದಾರಿಗಳೆಂದು ತಿಳಿಯತಕ್ಕದ್ದಲ್ಲ. ಅರವತ್ತು ತುಂಬಿದವರಿಗಾಗಿ ಅಂಚೆಯ ಕಚೇರಿಯಲ್ಲಿಯೂ ಬ್ಯಾಂಕುಗಳಲ್ಲಿಯೂ ನಡೆಯುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯು, ಠೇವಣಿಗಳು 5ರ ಆಸುಪಾಸಿನಲ್ಲಿದ್ದ 2020 ಮತ್ತು 2021ರಲ್ಲಿ ನೂರಕ್ಕೆ 7.4ನ್ನು ಕೊಡುತ್ತಿತ್ತು, 2023ರ ಏಪ್ರಿಲಿನಲ್ಲಿ ಅದರ ದರವು 8.2ಕ್ಕೆ ಏರಿತು, ಹೂಡಬಹುದಾದ ಮಿತಿಯೂ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಸರ್ಕಾರವು ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಆದರೆ ಒಮ್ಮೆ ಇಟ್ಟ ಹಣಕ್ಕೆ ಐದು ವರ್ಷ ಅದೇ ದರ. ಆಗ ಠೇವಣಿಯನ್ನು ಒಡೆದು ಪೇಟೆಗೆ ಹೋದ ಕೆಲವರಾದರೂ ಈ ಬಾಗಿಲನ್ನು ತಟ್ಟಿ ನೋಡಬಹುದಾಗಿತ್ತು.

ಬೆಲೆಯೇರಿಕೆಯಲ್ಲಿ ಹಣವು ಸವೆಯುವುದು ನಿಜ. ಆದುದರಿಂದ ಕಾಯಬಲ್ಲವನು, ತನ್ನ ಸ್ವಂತ ಹಣದಿಂದ, ಒಂದಿಷ್ಟನ್ನು ಷೇರುಗಳಲ್ಲಿಡುವುದು ದೋಷವಲ್ಲ. ಯುವಕರಿಗೆ ಅದು ವಿವೇಕವೇ ಆದೀತು. ದೋಷವಿರುವುದು ದರವೊಂದು ಇಳಿದ ಮಾತ್ರಕ್ಕೆ ತಾನೂ ಬೇರೆ ಮನುಷ್ಯನಾದೆನೆಂದು ನಂಬುವುದರಲ್ಲಿ. ತಂದೆಗೂ ಮಗನಿಗೂ ಒಂದೇ ಹೂಡಿಕೆಯು ಒಪ್ಪಬೇಕೆಂಬ ನಿಯಮವಿಲ್ಲ. ಇಬ್ಬರೂ ಒಂದು ಭಾನುವಾರ ಜೊತೆಯಲ್ಲಿ ಕುಳಿತು ಮನೆಯ ಹಣವನ್ನು ಬೇಕಾಗುವ ದಿನದ ಕ್ರಮದಲ್ಲಿ ಬರೆದಿಟ್ಟರೆ, ಯಾವುದನ್ನು ಯಾರು ಹಿಡಿಯಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಬಡ್ಡಿಯನ್ನೂ ಕೊಡದ, ಗುತ್ತಿಗೆಯನ್ನೂ ತರದ, ಆದರೂ ಪ್ರತಿಯೊಂದು ಮನೆಯಲ್ಲಿಯೂ ಇರುವ ಚಿನ್ನದ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಹೇಳಲಾಗುವುದು.